ಯಾವುದರೊಂದಿಗೆ ಹೋಲಿಸಿದಿರಿ?

ಕೇಳುಗರೆಲ್ಲರಿಗೂ ನಮಸ್ಕಾರ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಆರೋಗ್ಯ ಕೇಂದ್ರಗಳಲ್ಲಿ ಹೆರಿಗೆ ಮಾಡಿಸುವ ಸಹೋದರಿಯರನ್ನೂ, ನರ್ಸಿಂಗ್ ಕಾಲೇಜುಗಳಲ್ಲಿ ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ನಾನು ಮಾತನಾಡುತ್ತಿದ್ದೇನೆ. ಆಧಾರಸಹಿತ ಶುಶ್ರೂಷೆ ಎಂದರೇನು ಎಂದು ಕೇಳಿದವರಿಗೆಲ್ಲ ನನ್ನ ಉತ್ತರ ಒಂದೇ: ನಿಮ್ಮ ಆರೈಕೆಯಿಂದ ಗುಣವಾಯಿತು ಎನ್ನುವ ಮೊದಲು, ಆ ಆರೈಕೆ ಸಿಗದವರೊಂದಿಗೆ ಹೋಲಿಸಿ ನೋಡಿ. ‘ಮೊದಲಿನಿಂದಲೂ ಹೀಗೆಯೇ ಮಾಡುತ್ತ ಬಂದಿದ್ದೇವೆ’ ಎಂಬ ಹಿರಿಯ ಸಿಸ್ಟರ್‌ಗಳ ಮಾತನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಆದರೆ ಅದರಲ್ಲಿ ಹೋಲಿಕೆ ಎಲ್ಲಿದೆ? ಹೆರಿಗೆಗೆ ಬಂದವರಿಗೆಲ್ಲ ಎನಿಮಾ ಕೊಡುವುದೂ ಜನನಾಂಗದ ಸುತ್ತಲಿನ ಕೂದಲು ತೆಗೆಯುವುದೂ ಹೀಗೆಯೇ ನಡೆದುಬಂದಿದ್ದವು. ಹೋಲಿಸಿ ನೋಡಿದಾಗ ಲಾಭವೇನೂ ಕಾಣಲಿಲ್ಲ; ಅವನ್ನು ರೂಢಿಯಾಗಿ ಮಾಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಹೇಳುತ್ತದೆ.

ಹೋಲಿಕೆ ಹೇಗಿರಬೇಕು ಎಂಬುದಕ್ಕೆ ನಮ್ಮ ಬೆಳಗಾವಿ ಜಿಲ್ಲೆಯದೇ ಉದಾಹರಣೆಯಿದೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗುವುದಿಲ್ಲ. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಕಾಪಾಡಬೇಕು. ಅದೇ ಕೆಲಸಕ್ಕೆ ಬರುವ ಮಿಸೊಪ್ರೊಸ್ಟಾಲ್ ಮಾತ್ರೆಗೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ. ಹಾಗಾದರೆ ಹಳ್ಳಿಯ ಹೆರಿಗೆಗಳಲ್ಲಿ ಎ.ಎನ್.ಎಂ. ಅಂದರೆ ಉಪಕೇಂದ್ರದಲ್ಲಿ ಹೆರಿಗೆ ಮಾಡಿಸುವ ಸಹಾಯಕ ಸಿಸ್ಟರ್ ಕೈಯಿಂದಲೇ ಇದನ್ನು ಕೊಡಿಸಬಹುದೇ ಎಂಬ ಪ್ರಶ್ನೆಯನ್ನು ಇಟ್ಟುಕೊಂಡು, ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಜ್ಞರು ಅಮೆರಿಕದ ಸಂಶೋಧಕರೊಂದಿಗೆ ಸೇರಿ, ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 2002ರಿಂದ 2005ರವರೆಗೆ 1620 ತಾಯಂದಿರ ಮೇಲೆ ಅಧ್ಯಯನ ನಡೆಸಿದರು. ಅರ್ಧದಷ್ಟು ಜನರಿಗೆ 600 ಮೈಕ್ರೊಗ್ರಾಂ ಔಷಧಿ, ಉಳಿದವರಿಗೆ ನೋಡಲು ಅದರಂತೆಯೇ ಇದ್ದ ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದನ್ನು ನಿರ್ಧರಿಸಿದ್ದು ಚೀಟಿ ಎತ್ತಿದಂತಹ ಯಾದೃಚ್ಛಿಕ ಕ್ರಮ. ಕೊಟ್ಟ ಸಿಸ್ಟರ್‌ಗೂ ಗೊತ್ತಿರಲಿಲ್ಲ, ನುಂಗಿದ ತಾಯಿಗೂ ಗೊತ್ತಿರಲಿಲ್ಲ.

ಇನ್ನು ರಕ್ತವನ್ನು ಅಳೆದ ಬಗೆಯನ್ನು ಗಮನವಿಟ್ಟು ಕೇಳಿ. ಹಾಸಿದ ಸೀರೆ, ದುಪಟಿಗಳಲ್ಲಿ ಇಂಗಿದ ರಕ್ತ ಎಷ್ಟೆಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಅದಕ್ಕಾಗಿ ಮಿಲಿಲೀಟರ್ ಗೆರೆಗಳನ್ನು ಹಾಕಿದ, ಆಲಿಕೆಯಂತೆ ಕೆಳಗೆ ಕಿರಿದಾಗುವ ಪ್ಲಾಸ್ಟಿಕ್ ಚೀಲವನ್ನು ತಾಯಿಯ ಕೆಳಗೆ ಹಾಸಿದರು. ರಕ್ತ ಅದರಲ್ಲಿ ಇಳಿಯುತ್ತಿತ್ತು, ಸಿಸ್ಟರ್ ಗೆರೆ ನೋಡಿ ಬರೆದುಕೊಳ್ಳುತ್ತಿದ್ದರು. ಕಣ್ಣಂದಾಜನ್ನೂ ಈ ಚೀಲವನ್ನೂ ಹೋಲಿಸಿ ಇದೇ ಸಂಶೋಧಕರು ಬೇರೆಯಾಗಿ ಅಧ್ಯಯನ ಮಾಡಿದಾಗ, ಅಂದಾಜು ಸುಮಾರು ಮೂರನೆಯ ಒಂದು ಪಾಲು ಕಡಿಮೆ ಬಂತು. ಅನುಭವದ ಕಣ್ಣನ್ನೇ ನಂಬುವವರು ಇದನ್ನು ದಯವಿಟ್ಟು ಬರೆದಿಟ್ಟುಕೊಳ್ಳಬೇಕು.

ಫಲಿತಾಂಶವು 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಔಷಧಿಯಿಲ್ಲದ ಗುಂಪಿನಲ್ಲಿ ಶೇ. 12ರಷ್ಟು ತಾಯಂದಿರಿಗೆ ಅತಿ ರಕ್ತಸ್ರಾವವಾಗಿದ್ದರೆ, ಔಷಧಿ ಪಡೆದವರಲ್ಲಿ ಅದು ಶೇ. 6.4. ಹದಿನೆಂಟು ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರ ಅತಿ ರಕ್ತಸ್ರಾವ ತಪ್ಪುತ್ತದೆ. ಔಷಧಿ ಪಡೆದವರಲ್ಲಿ ಚಳಿನಡುಕ, ಜ್ವರ ಹೆಚ್ಚಾಗಿ ಕಂಡವು, ಆದರೆ ಬಂದು ಹೋದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಬಳಕೆಗಾಗಿ ಮಾತ್ರೆಯನ್ನು ತನ್ನ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಅಳೆದು ಬರೆದವರು ನಮ್ಮ ಉಪಕೇಂದ್ರದ ಸಿಸ್ಟರ್‌ಗಳು ಎಂಬುದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಇಷ್ಟು ಕೇಳಿದ ಮೇಲೆ, ವರ್ಷವರ್ಷವೂ ನನ್ನ ಮೇಜಿಗೆ ಬರುವ ಪ್ರಬಂಧಗಳ ಬಗ್ಗೆ ಒಂದು ಮಾತು ಹೇಳದಿರಲಾರೆ. ಒಂದು ಗುಂಪಿಗೆ ಬೋಧನೆ ಮಾಡುವ ಮುಂಚೆ ಒಂದು ಪ್ರಶ್ನಾವಳಿ, ಬೋಧನೆಯಾದ ವಾರಕ್ಕೆ ಅದೇ ಪ್ರಶ್ನಾವಳಿ. ಅಂಕ ಏರಿತು, ಆದ್ದರಿಂದ ಬೋಧನೆ ಪರಿಣಾಮಕಾರಿ! ಅವೇ ಪ್ರಶ್ನೆಗಳನ್ನು ಎರಡನೆಯ ಸಲ ಓದಿದವರ ಅಂಕ ಬೋಧನೆಯಿಲ್ಲದೆಯೂ ಏರಬಹುದಲ್ಲವೇ? ಬೋಧನೆ ಪಡೆಯದ ಇನ್ನೊಂದು ಗುಂಪು ಎಲ್ಲಿ? ಮಕ್ಕಳೇ, ದಯವಿಟ್ಟು ಇನ್ನೊಂದು ಗುಂಪನ್ನು ಇಟ್ಟುಕೊಳ್ಳಿ.

ಸಮಯ ಮುಗಿಯುತ್ತ ಬಂದಿರುವುದರಿಂದ ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಯಾರಿಗೆ, ಏನು ಮಾಡಿದರೆ, ಯಾವುದಕ್ಕೆ ಹೋಲಿಸಿದರೆ, ಯಾವ ಫಲ ಎಂಬ ನಾಲ್ಕೂ ನಿಮ್ಮ ಪ್ರಶ್ನೆಯ ವಾಕ್ಯದಲ್ಲಿಯೇ ಇರಬೇಕು. ಗರ್ಭಿಣಿಯರು ಕಬ್ಬಿಣಾಂಶದ ಮಾತ್ರೆಯನ್ನು ಮನೆಗೆ ಒಯ್ದೂ ಏಕೆ ನುಂಗುವುದಿಲ್ಲ ಎಂಬಂತಹ ಪ್ರಶ್ನೆಗೆ ಎಣಿಕೆಯಷ್ಟೇ ಸಾಲದು, ಅವರ ಬಳಿ ಕುಳಿತು ಕೇಳುವ ಗುಣಾತ್ಮಕ ವಿಧಾನವೂ ಬೇಕು. ಅದು ಇನ್ನೊಂದು ಭಾಷಣಕ್ಕಾಗುವಷ್ಟಿದೆ. ಯಾವ ಅಧ್ಯಯನವಾದರೂ ಸರಿ, ನೈತಿಕ ಸಮಿತಿಯ ಅನುಮತಿಯನ್ನು ಮೊದಲ ತಾಯಿಯನ್ನು ಸೇರಿಸಿಕೊಳ್ಳುವ ಮುನ್ನವೇ ಪಡೆದಿರಬೇಕು; ಪ್ರತಿ ತಾಯಿಗೂ ಅವರ ಮಾತಿನಲ್ಲಿಯೇ ವಿವರಿಸಿ, ಅವರನ್ನು ಸೇರಿಸಿಕೊಳ್ಳುವ ಮುನ್ನವೇ ಒಪ್ಪಿಗೆ ಪಡೆದಿರಬೇಕು. ನಮಸ್ಕಾರ.