ಕಣ್ಣು ಬೆಳ್ಳಗಾದರೆ ಸಾಕಾ?

ನಮಸ್ಕಾರ. ಪುಣೆಯಲ್ಲಿ ಮಳೆ ಹಿಡಿಯಿತು ಅಂದರೆ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. "ಮಗನಿಗೆ ಕಣ್ಣು ಬಂದಿದೆ, ಯಾವ ಡ್ರಾಪ್ಸ್ ಹಾಕಲಿ?" ಉತ್ತರಗಳಿಗೇನು ಬರ? ಒಬ್ಬರು ಬಾಟಲಿ ಫೋಟೋನೇ ಹಾಕಿಬಿಡುತ್ತಾರೆ. "ಎರಡೇ ದಿನಕ್ಕೆ ಕಣ್ಣು ಬೆಳ್ಳಗಾಯ್ತು ಅಕ್ಕಾ!"

ಆ ಫೋಟೋ ಸ್ವಲ್ಪ ದೊಡ್ಡದು ಮಾಡಿ ನೋಡಿ. ಔಷಧದ ಹೆಸರಿನ ಕೊನೆಗೆ ಡಿ ಅಂತಲೋ ಡಿಎಕ್ಸ್ ಅಂತಲೋ ಇದ್ದರೆ, ಕೆಳಗೆ ಸಣ್ಣ ಅಕ್ಷರದಲ್ಲಿ ಎಷ್ಟೋ ಸಲ ಡೆಕ್ಸಾಮೆಥಾಸೋನ್ ಅಂತ ಇರುತ್ತದೆ. ಅದು ಸ್ಟೀರಾಯ್ಡ್. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ, ಆದರೂ ಕೇಳಿದರೆ ಸಿಗುತ್ತದೆ. ನನ್ನ ತಕರಾರು ಮೆಡಿಕಲ್‌ನವರ ಮೇಲೆ ಇರೋದಕ್ಕಿಂತ ಜಾಸ್ತಿ ನಮ್ಮ ಮೇಲೆ. ಕೆಂಪು ಹೋದರೆ ರೋಗ ಹೋಯ್ತು ಅಂತ ನಾವು ನಂಬಿಬಿಟ್ಟಿದ್ದೇವೆ.

ಕೆಂಪು ಯಾಕೆ ಬರುತ್ತದೆ? ಒಳಗೆ ರೋಗಾಣುಗಳನ್ನು ತಡೆಯುವ ಕಾವಲಿನ ಕೋಶಗಳು ಕೆಲಸಕ್ಕೆ ಇಳಿದಿರುತ್ತವೆ, ಅದಕ್ಕೆ. ಕಣ್ಣಿನ ಮುಂದಿನ ಗಾಜಿನಂಥ ಪದರ ಕಾರ್ನಿಯಾ ಇದೆಯಲ್ಲ, ಅದರ ದಪ್ಪ ಬರೀ ಅರ್ಧ ಮಿಲಿಮೀಟರ್ ಚಿಲ್ಲರೆ. ಅದರಲ್ಲಿ ರಕ್ತನಾಳವೇ ಇಲ್ಲ. ಆರೋಗ್ಯವಾಗಿರುವ ಕಾರ್ನಿಯಾದಲ್ಲಿ ಇರುವ ಕಾವಲು ಕೋಶಗಳೆಲ್ಲ ಡೆಂಡ್ರಿಟಿಕ್ ಅನ್ನುವ ಒಂದೇ ಜಾತಿಯವು ಅಂತ ಬಹಳ ಕಾಲ ಅಂದುಕೊಂಡಿದ್ದರು. ನಿಂತ ಚಿತ್ರದಲ್ಲಿ ಹಾಗೇ ಕಾಣುತ್ತಿತ್ತು.

2022ರಲ್ಲಿ ಮೆಲ್ಬರ್ನ್‌ನ ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಕಣ್ಣಿಗೆ ಚುಚ್ಚಲಿಲ್ಲ, ಕತ್ತರಿಸಲಿಲ್ಲ. ಬದುಕಿರುವ ಮನುಷ್ಯರ ಕಣ್ಣಿನ ಅದೇ ಜಾಗವನ್ನು ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಮತ್ತೆ ಮತ್ತೆ ಚಿತ್ರ ತೆಗೆದು, ಜೋಡಿಸಿ ವಿಡಿಯೋ ಮಾಡಿದರು. ಓಡಿಸಿ ನೋಡಿದರೆ ಕೆಲವು ಕೋಶಗಳು ಇದ್ದಲ್ಲೇ ಇದ್ದು ಕೈ ಚಾಚುತ್ತಿವೆ, ಇನ್ನು ಕೆಲವು ಸರಸರ ಓಡಾಡುತ್ತಿವೆ. ನಮ್ಮ ಸೊಸೈಟಿಯಲ್ಲಿ ಒಬ್ಬ ವಾಚ್‌ಮನ್ ಗೇಟಿನಲ್ಲಿ ಕೂತಿರುತ್ತಾನೆ, ಇನ್ನೊಬ್ಬ ರಾತ್ರಿಯಿಡೀ ಸುತ್ತು ಹಾಕುತ್ತಾನಲ್ಲ, ಹಾಗೆ. ಆ ಓಡಾಡುವವು ಟಿ ಕೋಶಗಳು, ಅಂದರೆ ರೋಗಾಣುಗಳ ಜೊತೆ ಹೋರಾಡುವ ಒಂದು ಜಾತಿಯ ಬಿಳಿ ರಕ್ತಕಣಗಳು. ಹರ್ಪಿಸ್ ಸೋಂಕಾಗಿ ವಾಸಿಯಾದ ಇಲಿಗಳ ಕಾರ್ನಿಯಾದಲ್ಲಂತೂ, ಆ ವೈರಸ್ಸಿನ ನೆನಪಿಟ್ಟುಕೊಂಡ ಟಿ ಕೋಶಗಳು ಅಲ್ಲೇ ಬೀಡುಬಿಟ್ಟಿದ್ದವು. ನನಗಂತೂ ಇದು ರೋಮಾಂಚನದ ವಿಷಯ.

ಸ್ಟೀರಾಯ್ಡ್ ಹಾಕಿದರೆ ಈ ಕಾವಲನ್ನೇ ಮಲಗಿಸಿದ ಹಾಗೆ. ಕಣ್ಣು ಬೆಳ್ಳಗಾಗುತ್ತದೆ, ನಿಜ. ಆದರೆ ಒಳಗಿರೋದು ಹರ್ಪಿಸ್ ಆಗಿದ್ದರೆ? ಊರಿಗೆ ಹೋದಾಗ ಕಬ್ಬಿನ ಗರಿ ತಗುಲಿ ಫಂಗಸ್ ಹತ್ತಿದ್ದರೆ? ಕಾರ್ನಿಯಾದ ಹುಣ್ಣು ಹಬ್ಬುತ್ತದೆ, ನೋಟವೇ ಹೋಗಬಹುದು.

2023ರ ಜುಲೈ ನೆನಪಿದೆಯಾ? ಇಲ್ಲೇ ಪುಣೆ ಹತ್ತಿರದ ಆಳಂದಿಯಲ್ಲಿ ಸಾವಿರಾರು ಜನರಿಗೆ ಮದ್ರಾಸ್ ಐ ಬಂದಿತ್ತು. ಇಂಥದ್ದು ಬಹಳ ಸಲ ಅಡಿನೋವೈರಸ್‌ನಿಂದ ಬರುತ್ತದೆ. ಅದಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ. ತಣ್ಣನೆ ಬಟ್ಟೆ, ಬೇರೆ ಟವೆಲ್, ಕೈ ತೊಳೆಯೋದು, ಎರಡು ಮೂರು ವಾರದ ತಾಳ್ಮೆ. ಹೆಚ್ಚಿನವರಿಗೆ ಅಷ್ಟೇ ಸಾಕು. ನೋವು ಜಾಸ್ತಿ ಇದ್ದರೆ, ಬೆಳಕು ತಡೆಯೋಕೆ ಆಗದಿದ್ದರೆ, ನೋಟ ಮಂಜಾದರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ಮಾತ್ರ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಹಾಗಂತ ಸ್ಟೀರಾಯ್ಡ್ ವಿಷ ಅಂತ ನಾನು ಹೇಳುತ್ತಿಲ್ಲ. ಸೋಂಕು ಇಳಿದ ಮೇಲೂ ಕೆಲವರ ಕಾರ್ನಿಯಾದಲ್ಲಿ ಇದೇ ಕಾವಲು ಕೋಶಗಳು ಗುಂಪುಗಟ್ಟಿ ಬಿಳಿ ಚುಕ್ಕೆ ಮಾಡುತ್ತವೆ, ತಿಂಗಳುಗಟ್ಟಲೆ ಮಂಜು ಮಂಜು. ಆಗ ಡಾಕ್ಟರೇ ಸ್ಟೀರಾಯ್ಡ್ ಕೊಡಬಹುದು. ಆದರೆ ಮೆಲ್ಲಗೆ ಇಳಿಸುತ್ತಾ ಬರುತ್ತಾರೆ, ನಡುನಡುವೆ ಕಣ್ಣಿನ ಒತ್ತಡ ಅಳೆಯುತ್ತಾರೆ. ಯಾಕಂದರೆ ಹೆಚ್ಚು ದಿನ ಹಾಕಿದರೆ ಒತ್ತಡ ಏರಿ ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಬರಬಹುದು, ಮತ್ತು ಒತ್ತಡ ಏರುತ್ತಿರುವುದು ಸಾಮಾನ್ಯವಾಗಿ ನಮಗೆ ಗೊತ್ತೇ ಆಗುವುದಿಲ್ಲ.