ಕೈ ಹಾಕುವ ಮೊದಲು ಒಮ್ಮೆ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಮನೆಯ ಒಳಗೆ, ಹೊರಗೆ ಸಿಗುವ ವಿಷದ ಜೇಡಗಳ ಬಗ್ಗೆ ಮಾತಾಡೋಣ. ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಹೆಚ್ಚುಕಡಿಮೆ ಎಲ್ಲ ಜೇಡಗಳಿಗೂ ವಿಷ ಇದೆ. ಹುಳುಹುಪ್ಪಟೆ ಹಿಡಿದು ತಿನ್ನಲು ಅದು ಬೇಕೇ ಬೇಕು. ಜಗತ್ತಿನಲ್ಲಿ ಈವರೆಗೆ ಗುರುತಿಸಿರುವ ಜೇಡದ ಜಾತಿಗಳು 50,000ಕ್ಕೂ ಜಾಸ್ತಿ. ಮನುಷ್ಯರಿಗೆ ನಿಜವಾಗಿ ತೊಂದರೆ ಕೊಡುವವು ಅವುಗಳಲ್ಲಿ ತೀರಾ ಕಡಿಮೆ. ಎಷ್ಟೋ ಜೇಡಗಳ ಹಲ್ಲು ನಮ್ಮ ಚರ್ಮದೊಳಗೆ ಇಳಿಯುವುದೇ ಇಲ್ಲ.

ಹಾಗಂತ ಆ ಕೆಲವನ್ನು ಹಗುರವಾಗಿ ನೋಡುವಂತಿಲ್ಲ. ಬ್ಲ್ಯಾಕ್ ವಿಡೋ ಹೆಸರು ನೀವು ಕೇಳಿರುತ್ತೀರಿ. ಹೆಣ್ಣು ಜೇಡ ಮಿರಮಿರ ಮಿಂಚುವ ಕಪ್ಪು. ಹೊಟ್ಟೆಯ ಅಡಿಯಲ್ಲಿ ಮರಳು ಗಡಿಯಾರದ ಆಕಾರದ ಕೆಂಪು ಗುರುತು. ಸೌದೆ ರಾಶಿ, ಕಲ್ಲಿನ ಸಂದು, ಬಳಸದ ಡಬ್ಬ, ಕುರ್ಚಿಯ ಅಡಿಭಾಗ ಇದಕ್ಕೆ ಇಷ್ಟದ ಜಾಗ. ಕಚ್ಚಿದಾಗ ಸೂಜಿ ಚುಚ್ಚಿದಷ್ಟೇ ನೋವು. ಆಮೇಲೆ ಆ ನೋವು ಮೈಗೆ ಹರಡುತ್ತದೆ. ಸ್ನಾಯುಗಳು ಹಿಡಿದುಕೊಳ್ಳುತ್ತವೆ, ಬೆವರು ಕಿತ್ತು ಬರುತ್ತದೆ. ಹೊಟ್ಟೆ ಎಷ್ಟು ಬಿಗಿಯುತ್ತದೆ ಅಂದರೆ, ಅಪೆಂಡಿಕ್ಸ್ ಇರಬಹುದೇ ಎಂದು ವೈದ್ಯರೇ ಅನುಮಾನಪಟ್ಟದ್ದುಂಟು. ಸಾವು ಅಪರೂಪ, ಆದರೆ ನೋವು ಮಾತ್ರ ಸಹಿಸುವಂಥದ್ದಲ್ಲ. ಆಸ್ಟ್ರೇಲಿಯಾದ ರೆಡ್‌ಬ್ಯಾಕ್ ಇದರ ಹತ್ತಿರದ ಸಂಬಂಧಿ. ಅದರ ವಿಷಕ್ಕೆ 1956ರಲ್ಲೇ ಔಷಧಿ ಬಂತು.

ಸಿಡ್ನಿ ಸುತ್ತಮುತ್ತಲಿನ ಫನಲ್‌ವೆಬ್ ಇನ್ನೂ ಅಪಾಯಕಾರಿ. ಇಲ್ಲಿ ಹೆಣ್ಣಿಗಿಂತ ಗಂಡಿನ ವಿಷವೇ ಜೋರು. ಜೊತೆ ಹುಡುಕಿಕೊಂಡು ಅಲೆಯುವ ಗಂಡು ಜೇಡ ರಾತ್ರಿ ಮನೆಯೊಳಗೂ ನುಗ್ಗುತ್ತದೆ. ನೆಲದ ಮೇಲೆ ಬಿಟ್ಟ ಬಟ್ಟೆಯೊಳಗೆ, ಶೂ ಒಳಗೆ ಅಡಗಿಕೊಳ್ಳುತ್ತದೆ. ವಿಷ ನಿವಾರಕ ಔಷಧಿ 1981ರಲ್ಲಿ ಬಂದ ಮೇಲೆ ಅಲ್ಲಿ ಇದರಿಂದ ಸಾವು ದಾಖಲಾಗಿಲ್ಲ. ಎಷ್ಟು ದೊಡ್ಡ ಸಾಧನೆ ನೋಡಿ!

ಇನ್ನು ಅಮೆರಿಕದ ಬ್ರೌನ್ ರೆಕ್ಲೂಸ್. ಕಂದು ಬಣ್ಣ, ಬೆನ್ನ ಮೇಲೆ ಪಿಟೀಲಿನಂಥ ಗುರುತು. ಬೇರೆ ಜೇಡಗಳಿಗೆ ಸಾಮಾನ್ಯವಾಗಿ ಎಂಟು ಕಣ್ಣು, ಇದಕ್ಕೆ ಆರೇ. ಇದು ಕಚ್ಚಿದ ಕಡೆ ಕೆಲವೊಮ್ಮೆ ಚರ್ಮ ಸತ್ತು ಗಾಯ ಆಳವಾಗುತ್ತದೆ. ಕೇಳಿದರೆ ಎದೆ ಝಲ್ ಅನ್ನುತ್ತೆ, ಅಲ್ವಾ? ಆದರೆ ಕ್ಯಾನ್ಸಸ್ ರಾಜ್ಯದ ಒಂದು ಮನೆಯ ವಿಷಯ ಕೇಳಿ. ಆ ಒಂದೇ ಮನೆಯಲ್ಲಿ ಆರು ತಿಂಗಳಲ್ಲಿ ಹಿಡಿದ ಈ ಜೇಡಗಳ ಸಂಖ್ಯೆ 2,055. ನಾಲ್ಕು ಜನರ ಸಂಸಾರ ವರ್ಷಗಟ್ಟಲೆ ಅಲ್ಲೇ ವಾಸವಿತ್ತು. ಒಬ್ಬರಿಗೂ ವಿಷ ಏರಿದ ಲಕ್ಷಣ ಕಂಡಿರಲಿಲ್ಲ. ಈ ವರದಿ 2002ರಲ್ಲಿ ಪ್ರಕಟವಾಯಿತು.

ಇಷ್ಟು ಜೇಡಗಳಿದ್ದೂ ಯಾಕೆ ಏನೂ ಆಗಲಿಲ್ಲ? ಜೇಡ ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ನಮ್ಮ ಮೈಗೂ ಬಟ್ಟೆಗೂ ನಡುವೆ ಸಿಕ್ಕಿ ಅದುಮಿಹೋದಾಗ, ತಪ್ಪಿಸಿಕೊಳ್ಳಲು ದಾರಿಯಿಲ್ಲದಾಗ ಕಚ್ಚುತ್ತದೆ. ಅದಕ್ಕೇ ನಾನು ಮತ್ತೆ ಮತ್ತೆ ಹೇಳುವುದು, ಕಣ್ಣಿಗೆ ಕಾಣದ ಕಡೆ ಬರಿಗೈ ಹಾಕಬೇಡಿ. ಬಹಳ ದಿನ ಮೂಲೆಯಲ್ಲಿದ್ದ ಶೂ, ಕೈಗವಸು ಹಾಕುವ ಮೊದಲು ಚೆನ್ನಾಗಿ ಕೊಡವಿ. ಹಳೇ ರಟ್ಟಿನ ಪೆಟ್ಟಿಗೆ ಎತ್ತುವಾಗ ಗವಸು ಇರಲಿ. ಮಂಚವನ್ನು ಗೋಡೆಯಿಂದ ಸ್ವಲ್ಪ ದೂರ ಸರಿಸಿ, ಹೊದಿಕೆ ನೆಲಕ್ಕೆ ತಾಗದಂತೆ ನೋಡಿಕೊಳ್ಳಿ. ಔಷಧಿ ಸಿಂಪಡಿಸುವುದನ್ನೇ ನೆಚ್ಚಿಕೊಳ್ಳುವುದಕ್ಕಿಂತ ಬಲೆ ತೆಗೆದು ಗುಡಿಸುವುದು, ಬಾಗಿಲ ಸಂದು ಮುಚ್ಚುವುದು ಮೇಲು. ಹುಳು ಕಡಿಮೆಯಾದರೆ ಜೇಡಕ್ಕೂ ಅಲ್ಲಿ ಕೆಲಸವಿಲ್ಲ.

ಅಕಸ್ಮಾತ್ ಕಚ್ಚಿದರೆ ಸೋಪು ನೀರಿನಿಂದ ತೊಳೆಯಿರಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಗಾಯ ಕೊಯ್ಯುವುದು, ವಿಷ ಹೀರುವುದು ಬೇಡವೇ ಬೇಡ. ಫನಲ್‌ವೆಬ್ ಕಚ್ಚಿದರೆ ಮಾತ್ರ ಕ್ರಮ ಬೇರೆ. ಕೈ ಅಥವಾ ಕಾಲಿಗೆ ಉದ್ದಕ್ಕೂ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ, ಅಲುಗಾಡದಂತೆ ಮಲಗಿಸಿ, ಆಂಬ್ಯುಲೆನ್ಸ್ ಕರೆಸಬೇಕು. ರೆಡ್‌ಬ್ಯಾಕ್‌ಗೆ ಹಾಗೆ ಬಿಗಿಯಬಾರದು, ನೋವು ಇನ್ನೂ ಜಾಸ್ತಿಯಾಗುತ್ತದೆ. ನೋವು ಹರಡಿದರೆ, ಉಸಿರಾಟ ಕಷ್ಟವಾದರೆ, ಅಥವಾ ಕಚ್ಚಿಸಿಕೊಂಡದ್ದು ಮಗುವಾದರೆ ಕಾಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಸಾಧ್ಯವಾದರೆ ಜೇಡದ ಫೋಟೋ ತೆಗೆದುಕೊಂಡು ಹೋಗಿ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನಿಸುತ್ತದೆ. ಮೈಮೇಲೆ ಎದ್ದ ಗಾಯಕ್ಕೆಲ್ಲ ಜೇಡವನ್ನು ದೂರುವ ಅಭ್ಯಾಸವಿದೆ. ಬ್ರೌನ್ ರೆಕ್ಲೂಸ್ ನೆಲೆಸಿಯೇ ಇಲ್ಲದ ಊರುಗಳಲ್ಲೂ ಅದು ಕಚ್ಚಿದೆ ಎಂದು ಜನ ಹೇಳಿದ್ದಾರೆ. ಅಂಥ ಗಾಯಗಳಲ್ಲಿ ಎಷ್ಟೋ ಬ್ಯಾಕ್ಟೀರಿಯಾ ಸೋಂಕು. ಅದಕ್ಕೆ ಬೇಗ ಸರಿಯಾದ ಚಿಕಿತ್ಸೆ ಬೇಕು. ಹಾಗಾಗಿ ಜೇಡವನ್ನು ನೀವು ಕಣ್ಣಾರೆ ನೋಡಿಲ್ಲವಾದರೆ, ವೈದ್ಯರ ಹತ್ತಿರ ಜೇಡ ಕಚ್ಚಿತು ಎನ್ನಬೇಡಿ. ಗಾಯ ಯಾವಾಗ ಎದ್ದಿತು, ಹೇಗೆ ದೊಡ್ಡದಾಯಿತು, ಕೀವು ಅಥವಾ ಜ್ವರ ಬಂತೇ ಎನ್ನುವುದನ್ನು ಹೇಳಿ.

ನಮಸ್ಕಾರ.