ಮೊದಲು ಮೂಗಿಗೆ, ಆಮೇಲೆ ನಾಲಿಗೆಗೆ

ಕೇಳುಗರಿಗೆಲ್ಲ ನಮಸ್ಕಾರ.

ಗ್ರೀಸ್ ದೇಶದ ಪರಿಮಳದ ಬಿಳಿ ವೈನ್‌ಗಳ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ರಜೆಗೆ ಗ್ರೀಸಿಗೆ ಹೋಗಿ ಒಂದು ಬಾಟಲಿ ಹೊತ್ತು ತಂದವರು, ಉಡುಗೊರೆಯಾಗಿ ಬಂದದ್ದನ್ನು ಯಾವಾಗ ತೆರೆಯೋದು, ಹೇಗೆ ಕುಡಿಯೋದು ಅಂತ ಯೋಚಿಸುತ್ತಾ ಫ್ರಿಜ್‌ನಲ್ಲಿಟ್ಟವರು, ಇಂಥವರು ಕೇಳುತ್ತಿದ್ದೀರಿ ಅಂದುಕೊಂಡು ಶುರು ಮಾಡುತ್ತೇನೆ.

ಇವತ್ತು ನಾನು ಹೇಳುವುದು ಒಂದೇ ಮಾತು. ಆ ಬಾಟಲಿಯನ್ನು ಫ್ರಿಜ್‌ನಿಂದ ಹೊರಗೆ ತೆಗೆಯಿರಿ. 20 ನಿಮಿಷ ಸುಮ್ನೆ ಮೇಜಿನ ಮೇಲೆ ಇಡಿ. ಆಮೇಲೆ ಗ್ಲಾಸಿಗೆ ಹಾಕಿ, ಕುಡಿಯುವ ಮೊದಲು ಮೂಗಿಗೆ ಹಿಡಿಯಿರಿ. ಮೊದಲು ಮೂಗಿಗೆ, ಆಮೇಲೆ ನಾಲಿಗೆಗೆ.

ಯಾಕೆ ಅಂತ ಕೇಳಿ. ನಾಲಿಗೆಗೆ ಗೊತ್ತಾಗುವ ರುಚಿ ತುಂಬಾ ಕಡಿಮೆ. ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಅಣಬೆಯಲ್ಲಿ ಇರುವಂಥ ಉಮಾಮಿ. ಅಷ್ಟೇ. ಗುಲಾಬಿ, ಪೀಚ್ ಹಣ್ಣು, ಮಲ್ಲಿಗೆ, ನಿಂಬೆಸಿಪ್ಪೆ, ಇವನ್ನೆಲ್ಲ ಹಿಡಿಯುವುದು ಮೂಗು. ನೆಗಡಿ ಬಂದಾಗ ಊಟವೆಲ್ಲ ಸಪ್ಪೆ ಅನ್ನಿಸುತ್ತದೆ ಅಲ್ವಾ, ಅದಕ್ಕೇ. ಈ ದ್ರಾಕ್ಷಿಗಳ ಘಮ ಹೆಚ್ಚಾಗಿ ಇರುವುದು ಸಿಪ್ಪೆಯಲ್ಲಿ ಮತ್ತು ಸಿಪ್ಪೆಗೆ ಅಂಟಿದ ತಿರುಳಿನಲ್ಲಿ. ಲಿನಲೂಲ್ ಅಂತ ಒಂದು ಅಂಶವಿದೆ. ನಮ್ಮ ಕೊತ್ತಂಬರಿ ಬೀಜದ ಪರಿಮಳಕ್ಕೂ ಅದೇ ಕಾರಣ. ಜೆರಾನಿಯಾಲ್ ಅಂತ ಇನ್ನೊಂದಿದೆ. ಅದು ಗುಲಾಬಿಯಲ್ಲೂ ಇರುತ್ತದೆ. ಇವೆಲ್ಲ ಗಾಳಿಗೆ ಹಾರಿದರೆ ಮಾತ್ರ ಮೂಗಿಗೆ ಸಿಗುತ್ತವೆ. ವೈನ್ ಜಾಸ್ತಿ ತಣ್ಣಗಿದ್ದರೆ ಹಾರುವುದೇ ಇಲ್ಲ. ಮನೆಯ ಫ್ರಿಜ್ ಸುಮಾರು 4 ಡಿಗ್ರಿ. ಈ ವೈನ್‌ಗಳಿಗೆ ಬೇಕಾದದ್ದು 10 ಡಿಗ್ರಿ. ಆ ಆರು ಡಿಗ್ರಿಯಲ್ಲೇ ಎಲ್ಲ ಇರುವುದು. ದಯವಿಟ್ಟು ಐಸ್ ತುಂಡು ಹಾಕಬೇಡಿ. ಹಾಕುವುದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಸ್ಯಾಂಟೊರಿನಿ ದ್ವೀಪಕ್ಕೆ ಹೋದವರು ಅಸಿರ್ಟಿಕೊ ತಂದಿರುತ್ತೀರಿ. ಬಹಳ ದೊಡ್ಡ ವೈನ್ ಅದು, ಎರಡು ಮಾತಿಲ್ಲ. ಆದರೆ ಅದರ ಬಲವೆಲ್ಲ ಹುಳಿಯಲ್ಲಿದೆ, ಉಪ್ಪುಪ್ಪಾದ ಬಿಗಿಯಲ್ಲಿದೆ. ನಾನು ಹೇಳಲು ಬಂದಿರುವುದು ಮೂಗಿನ ವೈನ್‌ಗಳ ವಿಷಯ.

ಮೊದಲನೆಯದು ಮೊಸ್ಕೊಫಿಲೆರೊ ಎಂಬ ದ್ರಾಕ್ಷಿಯದು. ಗ್ರೀಸಿನ ದಕ್ಷಿಣಕ್ಕೆ ಪೆಲೊಪೊನೀಸ್ ಇದೆ. ಅದರ ನಟ್ಟನಡುವೆ ಅರ್ಕೇಡಿಯಾ. ಅಲ್ಲಿ ಟ್ರಿಪೊಲಿ ಎಂಬ ಊರಿನ ಪಕ್ಕ, ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲೆ, ಮಾಂಟಿನಿಯಾ ಎಂಬ ಬಯಲು. ಗ್ರೀಸ್ ಅಂದರೆ ಬಿಸಿಲು ಅಂದುಕೊಂಡು ಹೋದವರಿಗೆ ಅಲ್ಲಿ ರಾತ್ರಿ ಸ್ವೆಟರ್ ಬೇಕಾಗುತ್ತದೆ. ಹಣ್ಣು ನಿಧಾನವಾಗಿ ಮಾಗುತ್ತದೆ, ಕೊಯ್ಲು ಅಕ್ಟೋಬರಿನವರೆಗೂ ನಡೆಯುತ್ತದೆ. ಘಮ ಉಳಿಯುವುದು ಆ ಚಳಿಯಿಂದ. ಬಾಟಲಿಯ ಮೇಲೆ ಮಾಂಟಿನಿಯಾ ಅಂತ ಹಾಕಬೇಕಾದರೆ ಒಳಗೆ ಕನಿಷ್ಠ 85% ಮೊಸ್ಕೊಫಿಲೆರೊ ಇರಲೇಬೇಕು.

ಈ ಹಣ್ಣಿನ ಸಿಪ್ಪೆ ಹಸಿರಲ್ಲ. ಬೂದು ಬೆರೆತ ಗುಲಾಬಿ ಬಣ್ಣ. ಗ್ಲಾಸನ್ನು ಓರೆ ಮಾಡಿ ಬಿಳಿ ಕಾಗದದ ಮೇಲೆ ಹಿಡಿದು ನೋಡಿ. ಕೆಲವು ಬಾಟಲಿಗಳಲ್ಲಿ ವೈನಿನ ಅಂಚಿಗೆ ತೀರಾ ತೆಳುವಾದ ಗುಲಾಬಿ ಛಾಯೆ ಕಾಣುತ್ತದೆ. ಈಗ ಮೂಗಿಗೆ ಹಿಡಿಯಿರಿ. ಮೊದಲು ಗುಲಾಬಿ ಬರುತ್ತದೆ. ಗ್ಲಾಸನ್ನು ಒಂದು ಸುತ್ತು ತಿರುಗಿಸಿ ಮತ್ತೆ ಹಿಡಿದರೆ ನಿಂಬೆಸಿಪ್ಪೆ. ಆಮೇಲೆ ಒಂದು ಗುಟುಕು. ಅಷ್ಟು ಹೂವಿನ ಘಮ ಇರುವ ವೈನ್ ಸಿಹಿ ಇರುತ್ತದೆ ಅಂದುಕೊಂಡಿರುತ್ತೀರಿ. ಇಲ್ಲ, ಚುರುಕಾದ ಹುಳಿ, ಹಗುರವಾದ ಮೈ.

ಎರಡನೆಯದು ಮಲಗೂಜಿಯಾ. ಇದರ ಕಥೆ ಹೇಳದೆ ಮುಂದೆ ಹೋಗಲು ನನ್ನಿಂದಾಗದು.

ಗ್ರೀಸಿನ ಪಶ್ಚಿಮಕ್ಕೆ ನಫ್ಪಾಕ್ಟೊಸ್ ಅಂತ ಒಂದು ಕಡಲತೀರದ ಊರು. ಮಲಗೂಜಿಯಾ ಆ ಕಡೆಯ ದ್ರಾಕ್ಷಿ. 1970ರ ದಶಕದ ಹೊತ್ತಿಗೆ ಈ ತಳಿ ಹೆಚ್ಚುಕಡಿಮೆ ಅಳಿದೇ ಹೋಗಿತ್ತು. ಉತ್ತರದ ಥೆಸಲೊನೀಕಿ ನಗರದ ಪ್ರಾಧ್ಯಾಪಕರೊಬ್ಬರು, ವಸಿಲಿಸ್ ಲೊಗೊಥೆಟಿಸ್ ಅಂತ, ಹಳೆಯ ಗ್ರೀಕ್ ತಳಿಗಳನ್ನು ಹುಡುಕಿ ಕೂಡಿಸುತ್ತಿದ್ದರು. ಅದೇ ಕಾಲಕ್ಕೆ ಉತ್ತರದ ಹಲ್ಕಿಡಿಕಿಯಲ್ಲಿ, ಕಡಲಿಗೆ ಚಾಚಿದ ಸಿಥೊನಿಯಾ ಎಂಬ ನೆಲದಲ್ಲಿ, ಹಡಗುಗಳ ಮಾಲೀಕ ಯಾನಿಸ್ ಕರಾಸ್ ಬಹಳ ದೊಡ್ಡ ದ್ರಾಕ್ಷಿತೋಟ ಎಬ್ಬಿಸುತ್ತಿದ್ದ. ಪೋರ್ಟೊ ಕರಾಸ್ ಅಂತ ಅದರ ಹೆಸರು. ಸಲಹೆಗೆ ಫ್ರಾನ್ಸಿನ ಬೋರ್ಡೊದಿಂದ ವೈನ್ ತಜ್ಞ ಎಮಿಲ್ ಪೆನೊ ಬಂದಿದ್ದರು. ಪ್ರಾಧ್ಯಾಪಕರು ಕೂಡಿಸಿದ ತಳಿಗಳಿಗೆ ಅಲ್ಲೇ ಒಂದು ಪ್ರಯೋಗದ ತಾಕು ಸಿಕ್ಕಿತು. ಅದರಲ್ಲಿ ಮಲಗೂಜಿಯಾ ಬಳ್ಳಿಗಳೂ ಇದ್ದವು.

ಬೋರ್ಡೊದಲ್ಲಿ ಓದಿ ಬಂದ ಹುಡುಗ ವಾಂಗೆಲಿಸ್ ಗೆರೊವಸಿಲಿಯು ಅಲ್ಲಿ ವೈನ್ ಮಾಡುವ ಕೆಲಸಕ್ಕೆ ಸೇರಿದ. ಈ ಹಣ್ಣನ್ನು ಬೇರೆಯದಕ್ಕೆ ಬೆರೆಸದೆ, ಅದೊಂದರಿಂದಲೇ ವೈನ್ ಮಾಡಿ ನೋಡಿದ. ಸಿಕ್ಕಿದ್ದೇನು? ಪೀಚ್, ಮಲ್ಲಿಗೆ, ಹಿಂದೆಯೇ ಪುದೀನದಂಥ ಹಸಿರು ಘಮ. ಬೇರೆ ಯಾರಾದರೂ ಆಗಿದ್ದರೆ ಚೆನ್ನಾಗಿದೆ ಅಂದು ಸುಮ್ಮನಾಗುತ್ತಿದ್ದರು. ಆತ ಬಿಡಲಿಲ್ಲ. ಥೆಸಲೊನೀಕಿಯ ದಕ್ಷಿಣಕ್ಕಿರುವ ಎಪನೊಮಿಯಲ್ಲಿ ಮನೆತನದ ಚಿಕ್ಕ ತೋಟವಿತ್ತು. 1981ರಲ್ಲಿ ಅದನ್ನು ಮತ್ತೆ ನೆಡಲು ಶುರು ಮಾಡಿದ. ಮಲಗೂಜಿಯಾ ಅಲ್ಲಿಗೂ ಬಂತು. ಆ ತೋಟದ ಮರಳು ಮಣ್ಣನ್ನು ಕೈಗೆತ್ತಿಕೊಂಡರೆ ಕಲ್ಲಾಗಿಹೋದ ಕಡಲಚಿಪ್ಪಿನ ಚೂರುಗಳು ಸಿಗುತ್ತವೆ. ಎದುರಿಗೆ ಕೊಲ್ಲಿ. ಆಕಾಶ ತಿಳಿಯಾಗಿದ್ದ ದಿನ ಕೊಲ್ಲಿಯ ಆಚೆ ಒಲಿಂಪಸ್ ಬೆಟ್ಟ. ಅಲ್ಲಿಂದ ಬಳ್ಳಿ ಬೇರೆಯವರ ತೋಟಗಳಿಗೂ ಹೋಯಿತು. ಇವತ್ತು ಉತ್ತರ ಗ್ರೀಸಿನ ಮ್ಯಾಸಿಡೋನಿಯಾದಲ್ಲಿ, ಅಥೆನ್ಸ್ ಸುತ್ತಿನ ಅಟ್ಟಿಕಾದಲ್ಲಿ, ಪೆಲೊಪೊನೀಸ್‌ನಲ್ಲಿ, ಎಲ್ಲ ಕಡೆ ಮಲಗೂಜಿಯಾ ಇದೆ.

ಇಷ್ಟು ಜನ ಇಷ್ಟು ವರ್ಷ ಪಾಡುಪಟ್ಟು ಉಳಿಸಿದ ಘಮ ಅದು. ಅದನ್ನು ಐಸ್ ಬಕೆಟ್ಟಿನಲ್ಲಿ ಮುಳುಗಿಸಿ ಗಟಗಟ ಕುಡಿದರೆ ಹೇಗೆ ಹೇಳಿ? ಮೊದಲು ಮೂಗಿಗೆ ಹಿಡಿಯಿರಿ.

ಸಮಯ ಆಗುತ್ತಾ ಬಂತು ಅಂತ ಆ ಕಡೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಗ್ಲಾಸು ಹೊಟ್ಟೆ ಅಗಲ, ಬಾಯಿ ಸಣ್ಣ ಇರುವಂಥದ್ದು ಬೇಕು. ಮೂರನೇ ಒಂದು ಭಾಗ ಮಾತ್ರ ತುಂಬಿ. ಉಳಿದ ಜಾಗ ಘಮಕ್ಕೆ. ವೈನ್ ಇನ್ನೂ ತೀರಾ ತಣ್ಣಗಿದೆ ಅನ್ನಿಸಿದರೆ ಗ್ಲಾಸನ್ನು ಎರಡು ಅಂಗೈಗಳ ನಡುವೆ ಸ್ವಲ್ಪ ಹೊತ್ತು ಹಿಡಿದುಕೊಳ್ಳಿ. ಆ ಕೋಣೆಯಲ್ಲಿ ಊದಿನಕಡ್ಡಿ ಹಚ್ಚಬೇಡಿ. ಸೆಂಟು ಬೇಡ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದರೆ ಅದು ಮುಗಿದ ಮೇಲೆ ಬಾಟಲಿ ತೆರೆಯಿರಿ. ಮತ್ತೆ, ಇವನ್ನು ವಿಶೇಷ ದಿನ ಬರಲಿ ಅಂತ ವರ್ಷಗಟ್ಟಲೆ ಎತ್ತಿಡಬೇಡಿ. ಬಾಟಲಿಯ ಮೇಲಿನ ಇಸವಿ ನೋಡಿ, ಹೊಸದನ್ನೇ ಕೊಳ್ಳಿ, ಬೇಗ ಕುಡಿಯಿರಿ. ಮೊದಲು ಹೋಗುವುದೇ ಆ ಹೂವಿನ ಘಮ.

ಸಾಮೊಸ್ ದ್ವೀಪದ ಮಸ್ಕಟ್‌ಗೆ ಇನ್ನೊಂದು ಭಾಷಣವೇ ಬೇಕಿತ್ತು. ಬೆಟ್ಟದ ಇಳಿಜಾರಿನಲ್ಲಿ ಕಲ್ಲಿನ ಗೋಡೆ ಕಟ್ಟಿ ಮಾಡಿದ ಮೆಟ್ಟಿಲು ಹೊಲಗಳಲ್ಲಿ ಬೆಳೆಯುವ ಪುಟ್ಟ ಕಾಳಿನ ದ್ರಾಕ್ಷಿ ಅದು. ಅಲ್ಲಿನ ಬೆಳೆಗಾರರ ಸಹಕಾರ ಸಂಘ 1934ರಿಂದ ನಡೆಯುತ್ತಿದೆ. ಸಾಮೊಸ್ ಅಂದರೆ ಬರೀ ಸಿಹಿ ವೈನ್ ಅಂತ ಅಂಗಡಿಯವರೇ ಹೇಳುತ್ತಾರೆ. ಹಾಗಲ್ಲ, ಡ್ರೈ, ಅಂದರೆ ಸಿಹಿಯಿಲ್ಲದ್ದು ಕೂಡ ಮಾಡುತ್ತಾರೆ, ಲೇಬಲ್ ಓದಿ. ಊಟದ ಜೊತೆಗಾದರೆ ಡ್ರೈ ಕೊಳ್ಳಿ. ಊಟ ಮುಗಿದ ಮೇಲಾದರೆ ನೆಕ್ಟರ್ ಅಂತ ಬರೆದಿರುವುದನ್ನು ಕೊಳ್ಳಿ. ಹಣ್ಣನ್ನು ಬಿಸಿಲಿಗೆ ಒಣಗಿಸಿ, ವೈನನ್ನು ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟು ಮಾಡಿದ್ದು. ಚಿಕ್ಕ ಗ್ಲಾಸಿನಲ್ಲಿ, ಸ್ವಲ್ಪವೇ ಹಾಕಿಕೊಳ್ಳಿ. ನಮಸ್ಕಾರ.